ಎಡಗೈಯ ಆಶೀರ್ವಾದ

ಸಂತ ಮಾರ್ಕನ ಚೌಕದಲ್ಲಿ ನೂರ ಹನ್ನೆರಡು ಜನರನ್ನು, ಒಬ್ಬರ ನಿಲುವು ಇನ್ನೊಬ್ಬರದನ್ನು ಹೋಲದಂತೆ, ಒಂದೇ ಪಟದಲ್ಲಿ ಮೂಡಿಸಿದವನು ನಾನು. ಆಗ ನನಗೆ ಇಪ್ಪತ್ತಾರು. ಮೂರೇ ಕೂದಲಿನ ಕುಂಚ ಹಿಡಿದು ಐದು ತಿಂಗಳು ದುಡಿದೆ. ಈ ಸಂಗತಿಯನ್ನು ನನ್ನ ಬಾಯಿಂದ ಕೇಳದವರು ವೆನಿಸ್ಸಿನಲ್ಲಿ ವಿರಳ. ಆದರೆ ಕಳೆದ ಭಾನುವಾರ ಓರ್ಸೆಟ್ಟಳಿಗೆ ಹೇಳಿದಂತೆ ಮತ್ತಾರಿಗೂ ಹೇಳಿದ್ದಿಲ್ಲ. ಅವಳು ಮರೀನನ ಮಗಳು.

ಮರೀನನೂ ನಾನೂ ಒಂದೇ ಗುರುಗಳ ಚಿತ್ರಶಾಲೆಯಲ್ಲಿ ಕಲಿತವರು. ಗಂಟೆಗೋಪುರ, ಕಮಾನುಸಾಲು, ನೆಲಹಾಸಿನ ಬಿಳಿಗೆರೆ ನನ್ನ ಪಾಲು. ನಾನು ಕಟ್ಟಿದ ಚೌಕದೊಳಗೆ ಜನರನ್ನು ಇಳಿಸುವವನು ಅವನು. ಅವನು ನಾಲ್ಕು ಚುಕ್ಕೆಯಿಟ್ಟರೆ ಪಟದೊಳಗಿನ ಮೀನಿನವಳು ಬೈಯತೊಡಗುತ್ತಿದ್ದಳು. ಗಿರಾಕಿಗಳು ನನ್ನ ಕಮಾನುಗಳನ್ನೆಲ್ಲ ದಾಟಿ ನೇರ ಅವಳ ಬಳಿಗೇ ಹೋಗುತ್ತಿದ್ದರು. ಆಗ ನಾನು ನೀರು ಬಿದ್ದ ಸುಣ್ಣದ ಹರಳಿನಂತೆ ಒಳಗೇ ಕುದಿಯುತ್ತಿದ್ದೆ.

ಜರ್ಮನಿಯ ವ್ಯಾಪಾರಿಯೊಬ್ಬ ದೊಡ್ಡ ಪಟ ಕೇಳಿದಾಗ, ಜನರನ್ನೂ ನಾನೇ ಬರೆಯುವೆನೆಂದು ಹಟ ಹಿಡಿದೆ.

"ಬರಿಯಪ್ಪ," ಎಂದರು ಗುರುಗಳು. "ಗಿರಾಕಿ ಒಪ್ಪಿದ್ರೆ ಇನ್ಮೇಲೆ ಜನಾನೂ ನಿಂದೇ. ಒಪ್ದೆ ಹೋದ್ರೆ ಸಾಯೋತನಕ ಕಂಬ ಬರ್ಕೊಂಡಿರು."

ಚೌಕದಲ್ಲಿ ಕತ್ತಲೆಪೆಟ್ಟಿಗೆಯಿಟ್ಟು ಕುಳಿತೆ. ಅದರ ಗಾಜಿನ ಮೇಲೆ ಇಡೀ ಚೌಕ ಪುಟ್ಟದಾಗಿ ಮೂಡುತ್ತದೆ, ಆದರೆ ಎಡಬಲ ಅದಲುಬದಲಾಗಿ. ಕಟ್ಟಡಗಳನ್ನು ತಿರುಗಿಸಿ ಬರೆಯುವುದು ನನಗೆ ರೂಢಿ. ಜನರ ವಿಷಯದಲ್ಲಿ, ಮರೀನನನ್ನು ಮೀರುವ ಅವಸರದಲ್ಲಿ, ಅದನ್ನು ಮರೆತೆ. ಮುಗಿಯುವತನಕ ಪಟವನ್ನು ಯಾರಿಗೂ ತೋರಿಸಲೂ ಇಲ್ಲ.

ಗಿರಾಕಿ ಬರುವ ದಿನ ಬೆಳಿಗ್ಗೆ ಮರೀನ ಮುಸುಕು ಸರಿಸಿ ನೋಡಿ ನಗತೊಡಗಿದ.

"ಏನೋ ಬಾಸ್ತಿಯಾನ, ಊರಿಗೆ ಊರೇ ಎಡಚರಾ? ಮೀನಿನವಳು ಎಡಗೈಲಿ ಕೊಯ್ಲಿ, ಹಾಳಾಗ್ಲಿ. ಪಾದ್ರಿ ಎಡಗೈ ಎತ್ತಿದಾನಲ್ಲೋ! ಅದು ಆಶೀರ್ವಾದನೋ, ನೊಣ ಓಡಿಸ್ತಿದಾನೋ?"

"ಹೊಟ್ಟೆಕಿಚ್ಚು ನಿಂಗೆ!"

"ಇರ್ಬೋದು. ಮೊದ್ಲು ಕುಂಚ ಕೊಡಿಲ್ಲಿ."

ಅಷ್ಟು ಬೇಗ ಇನ್ನೊಬ್ಬ ಪಾದ್ರಿಯನ್ನು ಬರೆಯುವುದು ನನ್ನಿಂದಾಗದ ಮಾತು. ಕೊಟ್ಟೆ. ಗುರುಗಳು ಪೂಜೆ ಮುಗಿಸಿ ಇಗರ್ಜಿಯಿಂದ ಬರುವಷ್ಟರಲ್ಲಿ ಅವನು ಆ ಪಾದ್ರಿಯನ್ನು ಕೆರೆದು ತೆಗೆದು ಹೊಸಬನನ್ನು ಬರೆದ. ಬಲಗೈ ಆಶೀರ್ವಾದಕ್ಕೆತ್ತಿ, ಗಾಳಿಗೆ ಹಾರಲಿದ್ದ ಟೋಪಿಯನ್ನು ಎಡಗೈಯಲ್ಲಿ ಅದುಮಿ ಹಿಡಿದವನು. ಇದನ್ನು ಅವನು ಯಾರಿಗೂ ಹೇಳಲಿಲ್ಲ.

ವ್ಯಾಪಾರಿ ಬಂದ. ಬಹಳ ಹೊತ್ತು ನೋಡಿದ. ಕೊನೆಗೆ, ಅಷ್ಟು ಜನರನ್ನು ಬಿಟ್ಟು, ಪಾದ್ರಿಯತ್ತ ಬೆರಳು ತೋರಿದ.

"ಇವನು ಉಸಿರಾಡ್ತಾನೆ ನೋಡಿ. ಇವನಿಗೋಸ್ಕರನೇ ಪಟ ತಗೋತೀನಿ."

ಗುರುಗಳು ನನ್ನ ಬೆನ್ನು ತಟ್ಟಿದರು. ಮರೀನ ಕಿಟಕಿಯಾಚೆ ನೋಡುತ್ತಿದ್ದ. ನಾನು ಬಾಯಿ ತೆರೆಯಲಿಲ್ಲ. ಜನರೂ ನನ್ನ ಪಾಲಾದರು. ಅಲ್ಲಿ ಕೆಲಸವಿಲ್ಲದಂತಾದ ಮರೀನ ಪಾದುವ ಪಟ್ಟಣಕ್ಕೆ ಹೋಗಿ ಬೀಸಣಿಗೆಗಳ ಮೇಲೆ ಹೂ ಬರೆದು ಬದುಕಿದ. ಬೆರಳುಗುರಿನಷ್ಟಿದ್ದ ಆ ಪಾದ್ರಿಯನ್ನು ನೆನೆದು ನಾನು ನಲವತ್ತು ವರ್ಷ ಕರುಬಿದೆ.

ತಂದೆಯನ್ನು ಮಣ್ಣುಮಾಡಿ ನನ್ನನ್ನು ನೋಡಲು ಬಂದ ಓರ್ಸೆಟ್ಟ ಕೇಳಿದಳು: "ಅಪ್ಪನಿಗೆ ಜನಾನ ಬರಿಯೋಕೆ ಬರ್ತಿತ್ತಾ ಮಾವ? ಮನೇಲಿ ನಾವು ಬರೀ ಹೂವೇ ನೋಡಿದ್ದು."

ಹೂಂ ಎಂದು ಮುಗಿಸಬಹುದಿತ್ತು. ಮುಗಿಸಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಬೈಯುವಳೆಂದು ತಲೆ ತಗ್ಗಿಸಿ ಕುಳಿತೆ.

ಅವಳು ಕಣ್ಣೊರೆಸಿಕೊಂಡು ಕುರ್ಚಿಯನ್ನು ಹತ್ತಿರಕ್ಕೆಳೆದಳು.

"ಇನ್ನೊಂದ್ಸಲ ಹೇಳಿ ಮಾವ. ಅಪ್ಪ ನಕ್ರು ಅಂದ್ರಲ್ಲ, ಅಲ್ಲಿಂದ."