ಇನ್ನೊಂದೇ ಪಟ್ಟಿ

"ಆಯ್ತು, ಆಯ್ತು, ಇನ್ನೊಂದೇ ಪಟ್ಟಿ," ಎಂದಳು ನರ್ಸ್. ಎಡಗೈಯಲ್ಲಿ ಸಲೈನ್ ಬಾಟಲಿ, ಬಲಗೈಯಲ್ಲಿ ಇಕ್ಕಳ. ಹಾಸಿಗೆಯಲ್ಲಿದ್ದ ಲಾಂಡ್ರಿ ಕೆಲಸದ ಹೆಂಗಸಿನ ತೊಡೆಯ ಮೇಲೆ ನಿನ್ನೆ ಹಾಕಿದ ಬ್ಯಾಂಡೇಜು ಒಣಗಿ ಗಾಯಕ್ಕೆ ಅಂಟಿಕೊಂಡಿತ್ತು. ಬೆಚ್ಚಗಿನ ಸಲೈನ್ ಬಿಟ್ಟು, ನೆನೆಯುವವರೆಗೆ ಕಾದು, ಅಂಚಿನಲ್ಲಿ ಕೂದಲೆಳೆಯಷ್ಟು ಎತ್ತಿ, ಮತ್ತೆ ಸಲೈನ್ ಬಿಡಬೇಕು. ಅವಸರ ಮಾಡಿದರೆ ಹೊಸದಾಗಿ ಹುಟ್ಟಿದ ಚರ್ಮವೂ ಕಿತ್ತು ಬರುತ್ತದೆ.

ಅದು ಕೊನೆಯ ಪಟ್ಟಿಯೇನಲ್ಲ. ಇನ್ನೂ ಹತ್ತಾದರೂ ಇದ್ದವು. ಸುಟ್ಟಗಾಯದ ವಾರ್ಡಿನಲ್ಲಿ ಎಲ್ಲ ನರ್ಸುಗಳೂ ಹೇಳುವ ಸುಳ್ಳು ಅದು. ಸೇರಿದ ಮೊದಲ ವಾರವೇ ಹಿರಿಯರ ಬಾಯಿಂದ ಇವಳ ಬಾಯಿಗೆ ಬಂದಿತ್ತು.

ಏಪ್ರನ್ನಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಫಾರ್ಮು ಇತ್ತು. ನಾಲ್ಕು ವರ್ಷ ಒಂದೇ ವಾರ್ಡಿನಲ್ಲಿ ದುಡಿದವರು ವರ್ಷಕ್ಕೊಮ್ಮೆ ವಾರ್ಡು ಬದಲಾವಣೆ ಕೇಳಬಹುದು, ಇವತ್ತು ಮಧ್ಯಾಹ್ನದೊಳಗೆ ಡಬ್ಬಿಗೆ ಹಾಕಬೇಕು. ಇವಳದ್ದು ಎಂಟು ವರ್ಷವಾಗಿತ್ತು. ಕಣ್ಣಿನ ವಿಭಾಗದಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ಯಾರೂ ಕಿರುಚುವುದಿಲ್ಲ, ಸಂಜೆ ಹೊತ್ತಿಗೆ ಮನೆ. ಆದರೆ ಸುಟ್ಟಗಾಯದ ವಾರ್ಡಿಗೆ ಕೊಡುವ ವಿಶೇಷ ಭತ್ಯೆ ಅಲ್ಲಿಲ್ಲ.

ಬೆಳಿಗ್ಗೆ ಮನೆಯಲ್ಲಿ ಆ ಮಾತು ಎತ್ತಿದ್ದಳು. ಗಂಡ ಕಾರಿನ ಶೋರೂಮಿನ ಕಾಗದಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದ.

"ಕಣ್ಣಿನ ವಿಭಾಗನಾ? ದಿನವಿಡೀ ಹನಿ ಹಾಕ್ತಾ ಕೂರೋ ಕೆಲ್ಸ. ನಿನ್ನಂಥ ಗಟ್ಟಿಗಿತ್ತಿಗೆ ಬೇಜಾರಾಗಲ್ವಾ?"

"ಆಗ್ಲಿ ಬಿಡಿ. ಬೇಜಾರಾಗೋಷ್ಟು ಪುರುಸೊತ್ತು ಸಿಕ್ಕಿ ಎಷ್ಟು ವರ್ಷ ಆಯ್ತು!"

"ನಿನ್ನಿಷ್ಟಪ್ಪಾ. ನಾನೇನು ಬೇಡ ಅಂದ್ನಾ? ಇನ್ನೊಂದೇ ವರ್ಷ ತಡ್ಕೋ ಅಂದೆ. ಕಾರೊಂದು ಬಂದ್ಬಿಡ್ಲಿ."

ಅತ್ತೆ ಲೋಟದಿಂದ ಮುಖ ಎತ್ತಿದರು. "ಕಾರು ಬಂದ್ರೆ ಇವಳನ್ನ ಆಸ್ಪತ್ರೆಯಿಂದ ನೀನೇ ಕರ್ಕೊಂಡು ಬರಬಹುದಲ್ಲೋ."

"ಅಯ್ಯೋ, ಅದೊಂದು ಬೇಡಮ್ಮ! ಆ ಮುಲಾಮಿನ ವಾಸನೆ ಸೀಟಿಗೆ ಹತ್ತಿದ್ರೆ ಹೋಗಲ್ಲ. ಬರೋವಾಗ ಇವಳು ಬಸ್ಸಲ್ಲೇ ಬರ್ಲಿ."

ಎಲ್ಲರೂ ನಕ್ಕರು. ಮಗಳೂ ನಕ್ಕಳು. ಆ ಮನೆಯಲ್ಲಿ ಅದು ಹಳೆಯ ತಮಾಷೆ. ಡ್ಯೂಟಿಯಿಂದ ಬಂದವಳು ಹಿಂಬಾಗಿಲಿನಿಂದಲೇ ಬಚ್ಚಲಿಗೆ ಹೋಗಬೇಕು. ಅವಳ ಸೋಪು ಬೇರೆ, ಟವೆಲು ಬೇರೆ. ಸ್ನಾನ ಮುಗಿಸಿ ಬಡಿಸಿದರೂ ಮಗಳು ಒಮ್ಮೆ ತಟ್ಟೆ ಮೂಸುತ್ತಾಳೆ. ಇವಳೂ ನಗಬೇಕೆಂದು ತುಟಿ ಅಗಲಿಸಿದ್ದಳು. ಬಸ್ಸು ಹತ್ತಿದ ಮೇಲೆ, ಕಂಬಿ ಹಿಡಿದ ಬೆರಳು ನೋಯುವಷ್ಟು ಸಿಟ್ಟು ಬಂದಿತ್ತು.

"ಸಿಸ್ಟರ್," ಎಂದಳು ಲಾಂಡ್ರಿ ಹೆಂಗಸು, ಹಲ್ಲು ಕಚ್ಚಿಕೊಂಡೇ. "ನಿನ್ನೆನೂ ಇನ್ನೊಂದೇ ಅಂದ್ರಿ. ಮೊನ್ನೆನೂ ಅಂದ್ರಿ."

"ಧೈರ್ಯ ಬರ್ಲಿ ಅಂತ ಹೇಳೋದಮ್ಮ."

"ಎಲ್ಲಿಂದ ಬರುತ್ತೆ? ನಾನು ದಿನಕ್ಕೆ ಇನ್ನೂರು ಶರ್ಟು ಇಸ್ತ್ರಿ ಮಾಡೋವ್ಳು. ಇನ್ನೂರು ಅಂತ ಗೊತ್ತಿದ್ರೆ ಕೈಯನ್ನ ಇನ್ನೂರಕ್ಕೆ ಆಗೋ ಹಾಗೆ ಉಳಿಸ್ಕೊಂಡು ಓಡಿಸ್ತೀನಿ. ಇನ್ನೊಂದೇ, ಇನ್ನೊಂದೇ ಅಂತಿದ್ರೆ? ಒಂದೊಂದಕ್ಕೂ ಪೂರಾ ಜೀವ ಸುರೀಬೇಕಾಗುತ್ತೆ."

ಇಕ್ಕಳ ಹಿಡಿದ ಕೈ ಅಲ್ಲೇ ನಿಂತಿತು.

ಮನೆಗೆ ಮಹಡಿ ಏಳಲಿ, ಇನ್ನೊಂದೇ ವರ್ಷ. ನಾದಿನಿಯ ಮದುವೆ ಮುಗಿಯಲಿ, ಇನ್ನೊಂದೇ ವರ್ಷ. ಮಗಳು ಕಾಲೇಜಿಗೆ ಸೇರಲಿ. ಈಗ ಕಾರು. ಪ್ರತಿ ಸಲವೂ ಗಂಡ ಎಷ್ಟು ಮೆತ್ತಗೆ, ಎಷ್ಟು ನಯವಾಗಿ ಹೇಳಿದ್ದ! ತಾನು ರೋಗಿಗಳಿಗೆ ಹೇಳುವ ದನಿಯೇ. ಆದರೆ ತಾನು ಹೇಳುವುದು ಗಾಯ ಮಾಯಲೆಂದು. ಅವನು? ಅವಳು ಪ್ರತಿ ಸಲವೂ ಪೂರಾ ಜೀವ ಸುರಿದಿದ್ದಳು. ಮುಂದಿನ ವರ್ಷ ಮುಗಿಯುತ್ತದಲ್ಲ ಎಂದು ಚೂರೂ ಉಳಿಸಿಕೊಂಡಿರಲಿಲ್ಲ.

"ಹನ್ನೊಂದಿದೆ," ಎಂದಳು.

"ಅಬ್ಬಬ್ಬಾ!" ಹೆಂಗಸು ಕಣ್ಣು ಮುಚ್ಚಿ ತೆರೆದಳು. "ಸರಿ. ಐದಾದ ಮೇಲೆ ನಿಲ್ಸಿ. ಬಾಯ್ತುಂಬ ಬೈದು ಸುಧಾರಿಸ್ಕೋತೀನಿ. ಆಮೇಲೆ ಆರು."

"ನನಗಾ ಬೈಯೋದು?"

"ನಿಮಗ್ಯಾಕೆ? ಬಾಯ್ಲರ್ ಸೋರ್ತಿದೆ ಅಂತ ಮೂರು ಸಲ ಹೇಳಿದ್ರೂ ಕಿವಿ ಮೇಲೆ ಹಾಕ್ಕೊಳ್ಳದ ನಮ್ ಓನರಿಗೆ."

ಐದನೆಯದು ಬಿಟ್ಟುಕೊಂಡಾಗ ನರ್ಸ್ ನಿಲ್ಲಿಸಿದಳು. ಹೆಂಗಸು ಓನರನ್ನು, ಅವನ ಮೀಸೆಯನ್ನು, ಅವನ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಜಾಲಾಡಿದಳು. ಪಕ್ಕದ ಹಾಸಿಗೆಯ ಅಜ್ಜಿ ಕಿಸಕ್ಕನೆ ನಕ್ಕಿತು.

"ನನ್ನ ಪರವಾಗಿ ಎರಡು ಸೇರಿಸು," ಎಂದಳು ನರ್ಸ್.

"ಯಾರಿಗೆ ಸಿಸ್ಟರ್?"

"ಯಾರಿಗೋ. ನೀನು ಬೈಯಿ, ಹೋಗಿ ತಗುಲುತ್ತೆ."

ಉಳಿದ ಆರು ಪಟ್ಟಿಗಳು ಬಂದವು. ಹೆಂಗಸು ನರಳಿದಳು, ಆದರೆ ಕಾಲು ಎಳೆದುಕೊಳ್ಳಲಿಲ್ಲ.

ಕೈ ತೊಳೆದು ಹೊರಬಂದಾಗ ವಾರ್ಡಿನ ಉಸ್ತುವಾರಿಯ ದೊಡ್ಡ ಸಿಸ್ಟರ್ ಮೇಜಿನಿಂದಲೇ ಕೂಗಿದರು. "ನಿಮ್ಮನೆಯವ್ರು ಫೋನ್ ಮಾಡಿದ್ರು ಕಣೇ. ನೀನು ಇಲ್ಲೇ ಇರ್ತೀಯಂತೆ. ಬಾಯಲ್ಲಿ ಹೇಳೋಕೆ ನಿನಗೆ ಸಂಕೋಚವಂತೆ, ಪಾಪ. ಫಾರ್ಮು ಕೊಡು, ಬದಲಾವಣೆ ಬೇಡ ಅನ್ನೋ ಚೌಕಕ್ಕೆ ನಾನೇ ಗುರುತು ಹಾಕಿಬಿಡ್ತೀನಿ."

ಕೆನ್ನೆಗೆ ಹೊಡೆದಂತಾಯಿತು. ಎಂಟು ವರ್ಷದಲ್ಲಿ ಒಂದು ದಿನವೂ ಈ ವಾರ್ಡಿನ ಬಾಗಿಲು ದಾಟದವನು, ವಾಸನೆ ಅಂತ ಗೇಟಿನಾಚೆಯೇ ನಿಲ್ಲುತ್ತಿದ್ದವನು, ಇವಳ ಸಂಕೋಚವನ್ನೂ ತಾನೇ ಕಂಡುಹಿಡಿದಿದ್ದ.

"ತುಂಬಿ ಆಗಿದೆ ಸಿಸ್ಟರ್. ನಾನೇ ಹಾಕ್ತೀನಿ," ಎಂದಳು. ತುಂಬಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಚಿಲಕ ಹಾಕಿಕೊಂಡಳು. ಫಾರ್ಮನ್ನು ಲಾಕರಿನ ಬಾಗಿಲಿಗೆ ಒತ್ತಿ ಹಿಡಿದಳು. ತೋಳನ್ನು ಮೂಗಿನ ಹತ್ತಿರ ತಂದು ಮೂಸಿದಳು. ಮುಲಾಮು, ಸಲೈನ್, ಚೂರು ಬೆವರು. ಕೆಲಸದ ವಾಸನೆ. ಇದಕ್ಕೆ ಅವಳೆಂದೂ ಹೇಸಿರಲಿಲ್ಲ.

ಫೋನು ಗುಂಯ್‌ಗುಟ್ಟಿತು. ಗಂಡನ ಸಂದೇಶ: "ಬುಕ್ ಮಾಡ್ಬಿಡ್ಲಾ?"

"ನಿಮ್ಮಿಷ್ಟ. ನಾನೇನು ಬೇಡ ಅಂದ್ನಾ?" ಎಂದು ಬರೆದು ಕಳಿಸಿದಳು. ಆಮೇಲೆ ಪೆನ್ನು ಬಿಚ್ಚಿ, ಕಣ್ಣಿನ ವಿಭಾಗದ ಎದುರಿನ ಚೌಕದಲ್ಲಿ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದಳು. ಮಡಚಿದಳು. ಹೊರಗೆ ಬಂದು, ದೊಡ್ಡ ಸಿಸ್ಟರ್ ಕಡೆ ನೋಡದೆಯೇ, ಡಬ್ಬಿಯ ಸೀಳಿನಲ್ಲಿ ಇಳಿಬಿಟ್ಟಳು.

ಮನೆಯಲ್ಲಿ ಇವತ್ತು ಹೇಳುವುದಿಲ್ಲ. ನಾಳೆಯೂ ಇಲ್ಲ. ಅವರೇ ಕೇಳುವವರೆಗೂ ಇಲ್ಲ. ಕೇಳುವುದು ಭತ್ಯೆ ಬರದ ತಿಂಗಳಲ್ಲೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಗ್ಲೌಸು ಏರಿಸಿಕೊಂಡು ಅಜ್ಜಿಯ ಹಾಸಿಗೆಯ ಕಡೆ ನಡೆದಳು.

"ನಂದೆಷ್ಟಿದೆ ಮಗಾ?" ಎಂದಿತು ಅಜ್ಜಿ, ಇವಳು ಬಾಯಿ ತೆರೆಯುವ ಮೊದಲೇ.