ಕಾಂತಾಬಾಯಿಯ ದನಿ

ಹೆಂಡತಿ ಕಾಂತಾಬಾಯಿ ಲಿಂಗೈಕ್ಯರಾದ ಮೇಲೆ ಮನ್ಮಥಪ್ಪನವರಿಗೆ ಆಕೆಯ ದನಿಯೊಂದೇ ಉಳಿದಿತ್ತು. ಹಿಂದೊಮ್ಮೆ ಒಂದು ಕಂಪನಿಯವರು ಅವರ ಊರು ಉದಗೀರಕ್ಕೆ ಬಂದು ಆಕೆಯ ಭಜನೆಗಳನ್ನು ರೆಕಾರ್ಡ್ ಮಾಡಿ ತಮ್ಮ ಆ್ಯಪ್‌ನಲ್ಲಿ ಹಾಕಿದ್ದರು. ಆ ಆ್ಯಪ್ ನಿಂತುಹೋಯಿತು. ಹಾಡುಗಳು ಮೊಬೈಲಿನಲ್ಲೇ ಇದ್ದರೂ ಬೀಗ ಜಡಿದ ಪೆಟ್ಟಿಗೆಯಂತೆ ಬಾಯಿ ಬಿಡಲಿಲ್ಲ. ಹಿರಿಯರು ಪೂಜೆಗೆ ಕುಳಿತು ಸುಮ್ಮನೆ ಮೊಬೈಲು ತಿಕ್ಕುವುದನ್ನು ಕಂಡು ನೆರೆಮನೆಯ ಪ್ರಾಜಕ್ತಾ ಕರಗಿದಳು. ಕಂಪ್ಯೂಟರ್ ಕಲಿತ ಹುಡುಗಿ. ಬೀಗ ತೆಗೆಯುವ ಸಣ್ಣದೊಂದು ಪ್ರೋಗ್ರಾಮ್ ಬರೆದುಕೊಟ್ಟಳು.

ಪ್ರಸಾದವನ್ನು ಒಬ್ಬರೇ ಉಣ್ಣುವುದು ಮನ್ಮಥಪ್ಪನವರಿಗೆ ಗೊತ್ತಿಲ್ಲ. ಆ ಪ್ರೋಗ್ರಾಮನ್ನೂ ಭಜನಾ ಮಂಡಳಿಯವರಿಗೆಲ್ಲ ಕಳಿಸಿಬಿಟ್ಟರು. ಅದು ನಿಲಂಗಾ ಮುಟ್ಟಿತು, ಉಮರ್ಗಾ ಮುಟ್ಟಿತು, ಕಡೆಗೆ ಕಂಪನಿಯನ್ನೇ ಮುಟ್ಟಿತು. ಡಿಜಿಟಲ್ ಬೀಗ ಒಡೆಯುವುದು ಕಾಪಿರೈಟ್ ಕಾಯ್ದೆಯಲ್ಲಿ ಅಪರಾಧ, ಎರಡು ವರ್ಷದವರೆಗೆ ಜೈಲಾಗಬಹುದು ಎಂದು ಪ್ರಾಜಕ್ತಾಳ ಮೇಲೆ ದೂರು ಬಂತು.

ಪ್ರಾಜಕ್ತಾಳ ಜೊತೆ ಮನ್ಮಥಪ್ಪನವರೂ ಠಾಣೆಗೆ ಬಂದರು. ಫೌಜದಾರ ಸಾರಿಕಾ ಚಹಾ ತರಿಸಿದರು. "ಬೀಗ ಮುರಿದಾಕಿ ಅಂದ್ರ ಯಾರೋ ಪೈಲವಾನ ಬರ್ತಾಳ ಅಂದಿದ್ದೆ. ಈಕಿ ನೋಡಿದ್ರ ಬಿಸ್ಕೀಟ್ ಮುರೀಲಿಕ್ಕೂ ಎರಡು ಕೈ ಹಚ್ಯಾಳ."

ದೂರು ಕೊಟ್ಟ ಕಂಪನಿಯವನೂ ಅಲ್ಲೇ ಕುಳಿತಿದ್ದ; ಕೆಟ್ಟವನಲ್ಲ. "ನಮ್ಮ ಎಲ್ಲಾ ಹಾಡಿಗೂ ಅದೇ ಬೀಗ ಅದ ರೀ. ಪ್ರೋಗ್ರಾಮ್ ಅಳಸ್ರಿ, ಮಂಡಳಿಯವರಿಗೂ ಅಳಸ್ಲಿಕ್ಕ ಹೇಳ್ರಿ, ತೆಗೆದ ಹಾಡೂ ಅಳಸ್ರಿ. ಇಲ್ಲೇ ದೂರು ವಾಪಸ್ ತಗೋತೀನಿ."

"ಪ್ರೋಗ್ರಾಮ್ ಅಳಸ್ತೀನ್ರೀ," ಎಂದಳು ಪ್ರಾಜಕ್ತಾ. "ಈ ಮುತ್ಯಾನ ಕಡಿ ಇರೂ ಅಜ್ಜಿ ಹಾಡಷ್ಟ ಬಿಡ್ರಿ. ಆಗಂಗಿಲ್ಲಂದ್ರ ಕೇಸ್ ಹಾಕ್ರಿ."

"ನೀ ಸುಮ್ಮಿರು ಪೋರಿ," ಎಂದರು ಮನ್ಮಥಪ್ಪ. "ಹಂಚಿದಾಂವ ನಾ. ಅಳಸೂದು ಹ್ಯಾಂಗ, ತೋರಸು."

"ನಾ ತೋರಸಂಗಿಲ್ಲ."

ಮನ್ಮಥಪ್ಪ ಮೊಬೈಲನ್ನು ಫೌಜದಾರರ ಮುಂದೆ ಹಿಡಿದರು. "ಒಂದ ಸಲ ಕೇಳ್ತೀನ್ರೀ ಮೇಡಮ್, ಆಮ್ಯಾಲ ಅಳಸೂದು ನೀವ ತೋರಸ್ರಿ."

ಹಾಡು ಹೊರಟಿತು. ನಡುವೆ ಕಾಂತಾಬಾಯಿ ಕೆಮ್ಮಿದಳು, ತಾಳ ತಪ್ಪಿತೆಂದು ಸಣ್ಣಗೆ ನಕ್ಕಳು, ಮತ್ತೆ ಶಿವನ ಹೆಸರು ಹಿಡಿದಳು. ಕಂಪನಿಯವನು ಟೇಬಲ್ ನೋಡುತ್ತ ಕುಳಿತ. ಹಾಡು ಮುಗಿದಾಗ ಸಾರಿಕಾ ಒತ್ತಬೇಕಾದ ಜಾಗ ತೋರಿಸಿದರು. ಮನ್ಮಥಪ್ಪ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅದೇ ಕೈಯಿಂದ ಒಂದೊಂದೇ ಹಾಡನ್ನು ಅಳಿಸಿದರು.

ಹೊರಗೆ ಬಂದಾಗ ಪ್ರಾಜಕ್ತಾ ಮೆಟ್ಟಿಲ ಮೇಲೆ ಕುಸಿದು ಅತ್ತಳು. "ನನ್ನ ಸಲುವಾಗಿ ಅಜ್ಜಿನ್ನ ಕಳಕೊಂಡ್ರಿ ಮುತ್ಯಾ."

ಅವರು ಆಕೆಯ ಪಕ್ಕದಲ್ಲಿ ಮೆಲ್ಲಗೆ ಕುಳಿತರು. "ಆಕಿ ಶಿವನ ಕಡಿ ಹೋಗ್ಯಾಳ, ಅಲ್ಲಿ ಹಾಡ್ತಾಳ. ನಿನ್ನ ಒಳಗ ಹಾಕಿಸಿ ನಾ ಹಾಡು ಕೇಳಿದ್ರ ಆಕಿ ನನಗ ಬೈತಿದ್ದಳು. ಹಾಡಕಿಂತ ಆಕಿ ಬೈಗುಳ ಭಾಳ ಜೋರ ಇತ್ತು."

ಅಳುವಿನ ನಡುವೆಯೇ ಹುಡುಗಿ ನಕ್ಕಳು. ಅವರೂ ನಕ್ಕರು; ಆಮೇಲೆ ಧೋತರದ ತುದಿಯಿಂದ ಮೊದಲು ಆಕೆಯ ಕಣ್ಣು, ನಂತರ ತಮ್ಮ ಕಣ್ಣು ಒರೆಸಿದರು.