ಉಕ್ಕಿನ ಕೈಗವಸಿನಲ್ಲಿ ಹಗುರ ಉಂಗುರ

೧

ಈ ಕಥೆಯನ್ನು ಉಂಗುರದಿಂದ ಶುರು ಮಾಡಬೇಕೋ ಬೆರಳಿನಿಂದಲೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಉಂಗುರದಿಂದ ಶುರು ಮಾಡಿದರೆ ನೀವು ಮದುವೆಯ ಕಥೆ ಅಂದುಕೊಂಡು ಕಾಲು ಚಾಚಿ ಕೂರುತ್ತೀರಿ. ಬೆರಳಿನಿಂದ ಶುರು ಮಾಡಿದರೆ ಪೊಲೀಸರು ಯಾವಾಗ ಬರುತ್ತಾರೆ ಎಂದು ಪುಟ ತಿರುಗಿಸುತ್ತೀರಿ. ಮದುಮಗನೂ ಬರುವುದಿಲ್ಲ, ಪೊಲೀಸರೂ ಬರುವುದಿಲ್ಲ. ಬರುವವರು ಮುಖ್ಯವಾಗಿ ಮೂವರು: ತಂತಿಯನ್ನು ಉಂಗುರ ಮಾಡಿ, ಉಂಗುರಕ್ಕೆ ಉಂಗುರ ಕೋದು ಲೋಹದ ಬಟ್ಟೆ ನೇಯುವ ಅಕ್ಕ, ಅದನ್ನು ಮಾರುವ ತಂಗಿ, ಕೊಂಡುಕೊಂಡ ಮೀನಿನವನು.

(ಮೊದಲ ಪ್ರತಿ ಹೀಗಿತ್ತು: ‘ಹಿಂದಿನ ಕಾಲದಲ್ಲಿ ರಾಜರು ಯುದ್ಧಕ್ಕೆ ಹೋಗುವಾಗ ಸರಪಳಿಯ ಅಂಗಿ ತೊಡುತ್ತಿದ್ದರು.’ ಅಕ್ಕ ಕೇಳಿಸಿಕೊಂಡು, “ಯಾವ ರಾಜನೂ ನನ್ನ ಹತ್ರ ಏನೂ ತಗೊಂಡಿಲ್ಲ” ಅಂದಳು. ಹೊಡೆದು ಹಾಕಿದೆ.)

೨

ಅಕ್ಕನ ಕೋಣೆಯಲ್ಲಿ ಕಿಟಕಿಗೆ ಒತ್ತಿಕೊಂಡು ಒಂದು ಮೇಜು, ಎರಡು ಇಕ್ಕಳ, ಹಿಡಿಕೆ ಸಿಕ್ಕಿಸಿದ ಒಂದು ಸರಳು. ಸರಳಿಗೆ ತಂತಿ ಸುತ್ತಿದರೆ ಸ್ಪ್ರಿಂಗು. ಸ್ಪ್ರಿಂಗನ್ನು ಉದ್ದಕ್ಕೆ ಕತ್ತರಿಸಿದರೆ ಉಂಗುರ. ಒಂದು ಉಂಗುರದ ಬಾಯಿ ತೆರೆದು, ನಾಲ್ಕು ಉಂಗುರಗಳನ್ನು ಅದರೊಳಗೆ ತೂರಿಸಿ, ಬಾಯಿ ಮುಚ್ಚಿದರೆ ಒಂದು ಹೊಲಿಗೆ. ವಿದ್ಯೆ ಅಷ್ಟೇ. ಒಂದು ಅಂಗಿಗೆ ಇದನ್ನು ಸಾವಿರಾರು ಸಲ ಮಾಡಬೇಕು ಎನ್ನುವುದು ವಿದ್ಯೆಯಲ್ಲ, ಹಟ.

ತಾಮ್ರದ ತಂತಿ ನೋಡಲು ಚೆಂದ, ಮೈಗೆ ತಾಗಿದರೆ ಹಸಿರು ಬಿಡುತ್ತದೆ. ಹಿತ್ತಾಳೆ ಇಕ್ಕಳಕ್ಕೆ ಎದುರು ಮಾತಾಡುತ್ತದೆ. ಸತು ಬಳಿದ ಕಬ್ಬಿಣ ನಾಟಕದ ಕಂಪನಿಗಳಿಗೆ. ವೇದಿಕೆಯ ಮೇಲೆ ಝಣ್ ಎನ್ನಬೇಕಲ್ಲ. ಅಲ್ಯೂಮಿನಿಯಂ ಕಿವಿಗೆ, ಕೊರಳಿಗೆ. ತೊಟ್ಟದ್ದೇ ಮರೆತುಹೋಗುವಷ್ಟು ಹಗುರ. ಸ್ಟೇನ್‌ಲೆಸ್ ಸ್ಟೀಲು ಮಾತ್ರ ಕೈಗವಸಿಗೆ. ಬಲಗೈಯಲ್ಲಿ ಕತ್ತಿ ಹಿಡಿದು ಬದುಕುವವರ ಎಡಗೈಗೆ.

ಸ್ಟೀಲಿಗೆ ಒಂದು ಡಬ್ಬ, ಅಲ್ಯೂಮಿನಿಯಂಗೆ ಇನ್ನೊಂದು. ಉಂಗುರದ ಅಳತೆ ಒಂದೇ, ಹೊಳಪೂ ಹೆಚ್ಚುಕಡಿಮೆ ಒಂದೇ. ಸಂಜೆ ಮೇಜಿನ ಮೇಲೆ ಉಳಿದ ಉಂಗುರಗಳನ್ನು ಅಕ್ಕ ಕಿಟಕಿಯಾಚೆ ನೋಡುತ್ತಲೇ ಬೇರೆ ಮಾಡುತ್ತಿದ್ದಳು. “ಕಣ್ಣು ಮೋಸ ಹೋಗತ್ತೆ, ನನ್ನ ಬೆರಳು ಹೋಗಲ್ಲ” ಎನ್ನುವುದು ಮೂವತ್ತು ವರ್ಷದ ಮಾತು.

೩

ಒಂದು ಬೆಳಿಗ್ಗೆ ಶಾಲೆಯ ಟೀಚರೊಬ್ಬಳು ತಾನು ಕೊಂಡಿದ್ದ ಅಲ್ಯೂಮಿನಿಯಂ ಸರ ವಾಪಸ್ ತಂದಳು.

“ಬಲಗಡೆ ಎಳೆಯತ್ತೆ ಇದು.”

“ಬಲಗಡೆ ಮನೆಯವರು ನೆನೆಸ್ಕೊಳ್ತಿರಬೇಕು ಟೀಚರ್” ಎಂದು ತಂಗಿ ನಗಿಸಲು ನೋಡಿದಳು. ಮಾರುವವಳ ಬಾಯಿ, ಯಾವ ದೂರನ್ನೂ ನೆಲಕ್ಕೆ ಬೀಳಗೊಡುವುದಿಲ್ಲ.

ಅಕ್ಕ ಸರವನ್ನು ಅಂಗೈಗೆ ಸುರಿದುಕೊಂಡಳು. ಬಲಭಾಗ, ಎಡಭಾಗ. ಬೆರಳಿಗೆ ಏನೂ ತಿಳಿಯಲಿಲ್ಲ. ಬ್ಲೇಡು ತೆಗೆದು ಗೀರಿದಳು. ಎಡಭಾಗದ ಉಂಗುರ ಸಿಪ್ಪೆ ಬಿಟ್ಟಿತು. ಬಲಭಾಗದ್ದರ ಮೇಲೆ ಬ್ಲೇಡು ಜಾರಿತು. ಅದು ಸ್ಟೀಲು.

ಅವಳು ಸ್ಟೀಲಿನ ಡಬ್ಬ ಬೋರಲು ಹಾಕಿ ಒಂದೊಂದಾಗಿ ಗೀರತೊಡಗಿದಳು. ಏಳನೆಯದು ಸಿಪ್ಪೆ ಬಿಟ್ಟಿತು. ಆಮೇಲೆ ಹನ್ನೊಂದನೆಯದು.

ಅದೇ ಡಬ್ಬದಿಂದ ಮೂರು ತಿಂಗಳ ಹಿಂದೆ ಮೀನಿನವನ ಕೈಗವಸು ಹೋಗಿತ್ತು.

೩ (ಮತ್ತೆ, ಯಾಕೆಂದರೆ ಇಲ್ಲಿ ಜಗಳವಾಯಿತು)

ಡಬ್ಬ ಬೆರೆತದ್ದು ಹೇಗೆ? ನಾನು ಸುಲಭದ ದಾರಿ ಹಿಡಿದಿದ್ದೆ. ‘ಗುಂಡಿ ಸೂಜಿ ಇಡಲು ಒಂದು ಡಬ್ಬ ಬೇಕಾಗಿ ತಂಗಿ ಎರಡನ್ನೂ ಒಂದಕ್ಕೇ ಸುರಿದಿದ್ದಳು’ ಎಂದು ಬರೆದೆ.

“ಏನಮ್ಮಾ, ಸಿಕ್ಕಿದ್ದು ನನ್ನ ತಲೆಯೇನಾ ನಿಂಗೆ?” ತಂಗಿ ಕಾಗದದಿಂದಲೇ ಎದ್ದು ಬಂದಳು. “ಆ ಡಬ್ಬ ಮುಟ್ಟಿದ್ರೆ ಅಕ್ಕ ಕೈ ಮುರೀತಾಳೆ ಅಂತ ನಂಗೆ ಗೊತ್ತಿಲ್ವಾ?”

ಕಥೆಗೆ ಒಬ್ಬರು ತಪ್ಪು ಮಾಡಬೇಕಲ್ಲ ಎಂದೆ.

“ನಾನು ಮಾಡಿದೀನಲ್ಲ” ಅಂದಳು ಅಕ್ಕ. “ಚಳಿಗಾಲದಿಂದ ಬೆರಳ ತುದಿ ಮರಗಟ್ಟಿದೆ. ಚಳಿ ಹೋಯ್ತು, ಅದು ಹೋಗಲಿಲ್ಲ. ಮುಟ್ಟಿ ಬೇರೆ ಮಾಡ್ತಿದೀನಿ ಅಂದ್ಕೊಂಡಿದ್ದೆ. ಸುಮ್ನೆ ಹಾಕ್ತಿದ್ದೆ, ಕೈಗೆ ಬಂದ ಡಬ್ಬಕ್ಕೆ. ಅವಳದ್ದು ಹೊಡೆದು ಹಾಕು. ನಂದು ಬರಿ.”

ಇಕ್ಕಳದಲ್ಲಿ ಬಾಗಿಸುವಾಗಲಾದರೂ ತಿಳಿಯಲಿಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. “ಒಂದೊಂದ್ಸಲ ಸಲೀಸಾಗಿ ಬಾಗೋದು. ಇವತ್ತು ಕೈಯಲ್ಲಿ ಕಸುವಿದೆ ಅಂತ ಖುಷಿಪಡ್ತಿದ್ದೆ” ಅಂದಳು. ನನ್ನ ವಾಕ್ಯ ಹೊಡೆದು ಹಾಕಿದೆ, ಅಕ್ಕನದ್ದು ಬರೆದೆ. ಬರೆಯುವಾಗ ಆ ಖುಷಿ ಎಂಬ ಪದದ ಹತ್ತಿರ ಪೆನ್ನು ಸ್ವಲ್ಪ ಹೊತ್ತು ನಿಂತಿತು.

೪

“ಮೀನಿನವನಿಗೆ ಹೇಳಬೇಡ” ಅಂದಳು ತಂಗಿ. ಟೀಚರು ಹೋಗಿಯಾಗಿತ್ತು. “ಅದು ಎಷ್ಟು ಉಂಗುರ, ಎಲ್ಲಿ ಕೂತಿದೆ, ಯಾರಿಗೆ ಗೊತ್ತಾಗತ್ತೆ?”

“ಕತ್ತಿಗೆ.”

ತಂಗಿ ಕೆಟ್ಟವಳಲ್ಲ. (ಕೆಟ್ಟವಳನ್ನಾಗಿ ಮಾಡಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು.) ಮೀನು ಮಾರ್ಕೆಟ್ಟಿನ ಇನ್ನೂ ಆರು ಜನ ಕೈಗವಸು ಕೇಳಿದ್ದರು. ಅಂಥ ಬೇಡಿಕೆ ಈ ಮನೆಗೆ ಎಂದೂ ಬಂದಿರಲಿಲ್ಲ.

“ಬೆರಳು ಸತ್ತಿದೆ ಅಂತ ನಿನ್ನ ಬಾಯಿಂದ ಬಂದ ದಿನ ಇಕ್ಕಳಾನೂ ಸರಳೂ ಗುಜರಿಗೆ ಹಾಕಬೇಕು ಅಕ್ಕ. ಆಮೇಲೆ ನೀನು ಕೂತ್ಕೊಂಡು ಏನು ಮಾಡ್ತೀಯ?”

“ಅದನ್ನ ಆಮೇಲೆ ನೋಡೋಣ. ಉಪ್ಪುನೀರಿನ ಕೆಲಸ ಕಣೇ ಅವನದ್ದು. ಉಪ್ಪುನೀರಲ್ಲಿ ಸ್ಟೀಲಿನ ಪಕ್ಕ ಕೂತ ಅಲ್ಯೂಮಿನಿಯಂ ದಿನಾ ಸವೀತಾ ಇರತ್ತೆ. ಮೂರು ತಿಂಗಳು.”

ಅವಳು ಮಧ್ಯಾಹ್ನದವರೆಗೆ ಕೂತು ಬ್ಲೇಡಿನಲ್ಲಿ ಗೀರಿ ಗೀರಿ ಆರಿಸಿದ ಒಂದು ಹಿಡಿ ಸ್ಟೀಲು ಉಂಗುರ ಪೊಟ್ಟಣ ಕಟ್ಟಿದಳು. ಇಕ್ಕಳ ಚೀಲಕ್ಕೆ ಹಾಕಿದಳು.

೫

ಇಲ್ಲಿ ನನ್ನ ಹತ್ತಿರ ಎರಡು ಮುಕ್ತಾಯ ತಯಾರಿದ್ದವು.

ಒಂದು: ಅಕ್ಕ ಬಸ್ಸಿಳಿಯುತ್ತಾಳೆ. ಮಾರ್ಕೆಟ್ಟಿನಲ್ಲಿ ಜನ ಗುಂಪುಗೂಡಿದ್ದಾರೆ. ನೆಲದ ಮೇಲಿನ ರಕ್ತ ಮೀನಿನದ್ದೋ ಮನುಷ್ಯನದ್ದೋ...

“ನಿನ್ನ ಓದುಗರು ಕಣ್ಣೊರೆಸಿಕೊಳ್ಳಲಿ ಅಂತ ಅವನ ಬೆರಳು ಹೋಗಬೇಕಾ?” ಅಂದಳು ಅಕ್ಕ. ನಾಚಿಕೆಯಾಯಿತು. ಹರಿದೆ.

ಎರಡು, ಇದು ತಂಗಿ ಹೇಳಿಕೊಟ್ಟದ್ದು: ‘ಫ್ರೀ ಸರ್ವೀಸಿಂಗ್’ ಎಂದು ಹೇಳಿ ಕೈಗವಸು ಇಸಿದುಕೊಂಡು ಬರುವುದು. ನಕ್ಕು, ಕೈಮುಗಿದು, ಆಮೇಲೆ ಕಳೆದುಹೋಯಿತು ಎನ್ನುವುದು. ಯಾರಿಗೂ ನೋವಿಲ್ಲ.

“ಸುಳ್ಳು ಹೇಳೋಕೆ ನಾನು ಇಷ್ಟು ದೂರ ನಿಂತ್ಕೊಂಡು ಹೋಗಬೇಕಾ? ಬಸ್ಸಲ್ಲಿ ಸೀಟಾದ್ರೂ ಕೊಡ್ಸು.”

ಸೀಟು ಕೊಡಿಸಿದೆ. ನನ್ನ ಕೈಯಲ್ಲಿದ್ದದ್ದು ಅಷ್ಟೇ.

೬

ಮಾರ್ಕೆಟ್ಟಿನಲ್ಲಿ ಮಧ್ಯಾಹ್ನದ ಗಿರಾಕಿಗಳು ಕರಗಿದ್ದರು. ಸಾಲು ಕಟ್ಟೆಗಳು, ಕರಗುವ ಮಂಜುಗಡ್ಡೆ, ಕಾಲಡಿ ಹರಿಯುವ ಬೂದುನೀರು. ಮೀನಿನವನು ದೂರದಿಂದಲೇ ಕೂಗಿದ.

“ಬಾರಮ್ಮ, ಬಾ! ನಿನ್ನ ಕೈಗವಸಿಗೆ ದಿನಾ ಒಂದು ನಮಸ್ಕಾರ ಹಾಕ್ತೀನಿ. ಮೂರು ತಿಂಗಳಾಯ್ತು, ಒಂದು ಗೀರಿಲ್ಲ!”

ಎಡಗೈ ಮೀನನ್ನು ಒತ್ತಿ ಹಿಡಿದಿತ್ತು. ಬಲಗೈಯ ಕತ್ತಿ ಅದರ ಬೆನ್ನುಗುಂಟ ಓಡುತ್ತಿತ್ತು. ಕಣ್ಣು ಎರಡೂ ಕೈಗಳನ್ನು ಬಿಟ್ಟು ಅಕ್ಕನ ಮುಖದ ಮೇಲಿತ್ತು. ಕೈಗವಸು ಬಂದ ಮೇಲೆ ಅವನು ಕೈ ನೋಡಿಕೊಂಡು ಕೊಯ್ಯುವುದನ್ನೇ ಬಿಟ್ಟಿದ್ದ.

“ಕತ್ತಿ ಕೆಳಗಿಡು.”

“ಯಾಕಮ್ಮ?”

“ಕೆಳಗಿಡು ಅಂದೆ.”

(ಇಷ್ಟು ಗಟ್ಟಿಯಾಗಿ ಅವಳು ನನ್ನನ್ನೂ ಗದರಿರಲಿಲ್ಲ.)

ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಡಬ್ಬ, ಬೆರಳು, ಅಲ್ಯೂಮಿನಿಯಂ, ಉಪ್ಪು. ಅವನು ನಕ್ಕ. “ಹೊಸದು ಮಾರೋಕೆ ಇದೊಂದು ಐಡಿಯಾನಾ? ನಿನ್ನ ತಂಗಿ ಹೇಳಿಕೊಟ್ಟಿರಬೇಕು.”

ಅಕ್ಕ ಅವನ ಕೈ ತಿರುಗಿಸಿದಳು. ಹೆಬ್ಬೆರಳ ಬುಡದಲ್ಲಿ ಹಿಟ್ಟು ಹಿಡಿದಂತೆ ಬೆಳ್ಳಗಿನ ಪುಡಿ.

“ಇದು ಉಪ್ಪಲ್ವಾ?”

“ಕತ್ತಿಯ ತುದಿ ಒತ್ತು. ಮೆಲ್ಲಗೆ.”

ಅವನು ಮೆಲ್ಲಗೆ ಒತ್ತಿದ. ಉಂಗುರ ಎರಡಾಯಿತು. ಸದ್ದು ಕೂಡ ಮಾಡಲಿಲ್ಲ.

ಅವನು ಕೈಗವಸು ಕಳಚಿ ಕಟ್ಟೆಯ ಮೇಲಿಟ್ಟ. ಒಳಗಿದ್ದ ಕೈಯ ತುಂಬ ಹಳೆಯ ಹೊಲಿಗೆಗಳ ಗೆರೆ.

“ಹಾಗಾದ್ರೆ ಇನ್ನೊಂದು ಮಾಡ್ಕೊಡು.”

“ಅದನ್ನೂ ಇದೇ ಬೆರಳು ಮಾಡಬೇಕಲ್ಲಪ್ಪ.”

ಕೈಗವಸು ಕೇಳಿದ್ದ ಆರು ಜನ ಅಕ್ಕಪಕ್ಕದ ಕಟ್ಟೆಗಳಲ್ಲೇ ಇದ್ದರು. ಎಲ್ಲರಿಗೂ ಕೇಳಿಸಿತು. ಒಬ್ಬೊಬ್ಬರಾಗಿ ಮುಖ ತಿರುಗಿಸಿ ತಮ್ಮ ಮೀನಿಗೆ ನೀರು ಚಿಮುಕಿಸತೊಡಗಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಕ್ಕನಿಗೆ ನಿಲ್ಲಲು ಏನಾದರೂ ಆಸರೆ ಸಿಗುತ್ತಿತ್ತು.

ಅವಳು ಬೋರಲು ಹಾಕಿದ ಒಂದು ಕ್ರೇಟಿನ ಮೇಲೆ ಕೂತಳು. ಪೊಟ್ಟಣ ಬಿಚ್ಚಿ ಒಂದು ಸ್ಟೀಲು ಉಂಗುರವನ್ನೂ ಆ ಮುರಿದದ್ದನ್ನೂ ಅವನ ಬರಿಗೈಯ ಮೇಲಿಟ್ಟಳು.

“ನಿನ್ನ ಬೆರಳಿಗೆ ಗೊತ್ತಾಗತ್ತಾ ನೋಡು.”

ಅವನು ಕಣ್ಣು ಮುಚ್ಚಿ ಎರಡನ್ನೂ ಉಜ್ಜಿದ. “ಹೂಂ. ಗೊತ್ತಾಗತ್ತೆ. ಇದು ಏನೋ ಪೊಳ್ಳು.”

“ಪೊಳ್ಳು ಎಲ್ಲೆಲ್ಲಿದೆ ಹುಡುಕು. ನಾನು ತೆಗೀತೀನಿ.”

ಇನ್ನೊಂದು ಕ್ರೇಟು ಎಳೆದುಕೊಂಡ. ಕೈಗವಸು ಇಬ್ಬರ ಮೊಣಕಾಲಿನ ಮೇಲೆ. ಅವನು ಸವರುತ್ತಾನೆ, “ಇದಾ?” ಎನ್ನುತ್ತಾನೆ. ಅವಳು ಗೀರುತ್ತಾಳೆ. “ಅಲ್ಲ.” “ಇದು?” “ಹೂಂ, ಹೌದು.” ಇಕ್ಕಳದಿಂದ ಹಳೆಯದರ ಬಾಯಿ ಬಿಡಿಸಿ, ಹೊಸದರ ಬಾಯಿ ಮುಚ್ಚುತ್ತಾಳೆ. ಸರಿಯಾಗಿ ಮುಚ್ಚಿತೇ ಎಂದು ಅವನು ಮುಟ್ಟಿ ಹೇಳುತ್ತಾನೆ.

೭

ಇಲ್ಲಿ ಮುಗಿಸಬಹುದಿತ್ತು. ಆದರೆ ಒಂದು ತೊಡಕಿದೆ, ನಿಮ್ಮಿಂದ ಮುಚ್ಚಿಡಲಾರೆ. ಎಷ್ಟು ಅಲ್ಯೂಮಿನಿಯಂ ಉಂಗುರ ತಪ್ಪಿ ಸೇರಿವೆ ಎಂದು ಅಕ್ಕನಿಗೆ ಗೊತ್ತಿಲ್ಲ. ಕೈಗವಸು ಮಡಚಿ ಹೊರಳಿದಾಗಲೆಲ್ಲ ನೋಡಿದ ಉಂಗುರ ನೋಡದ ಉಂಗುರದ ಜೊತೆ ಬೆರೆತುಬಿಡುತ್ತದೆ. ‘ಕೊನೆಯದೂ ಸಿಕ್ಕಿತು’ ಎಂದು ನಾನು ಬರೆಯಬಹುದು. ಆದರೆ ತಾನು ಕೊನೆಯದು ಎಂದು ಯಾವ ಉಂಗುರವೂ ಹೇಳುವುದಿಲ್ಲ.

‘ಮರುದಿನ ಅವನು ಅದನ್ನು ತೊಟ್ಟ’ ಎಂದು ಬರೆದೆ. ಸಿಗದೆ ಉಳಿದ ಉಂಗುರ ನೆನಪಾಯಿತು. ‘ತೊಡಲಿಲ್ಲ’ ಎಂದು ತಿದ್ದಿದೆ. ಹಾಗಾದರೆ ಕತ್ತಿಯ ಕೆಳಗೆ ಬರಿಗೈ. ಎರಡರಲ್ಲಿ ಯಾವ ವಾಕ್ಯ ಬರೆದರೂ ಕೈ ಅವನದ್ದು.

ಮಾರ್ಕೆಟ್ಟಿನಲ್ಲಿ ಬೇರೆ ಕಟ್ಟೆಗಳನ್ನು ತೊಳೆದಾಗಿದೆ. ಇಬ್ಬರೂ ಇನ್ನೂ ಎದ್ದಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ ಕೇಳಿದೆ: ಅಕ್ಕ, ಹೇಗೆ ಮುಗಿಸಲಿ, ನೀನೇ ಹೇಳು.

ಅವಳು ತಲೆಯೆತ್ತಲಿಲ್ಲ.

“ಬೆಳಕಿಗೆ ಅಡ್ಡ ನಿಂತಿದೀಯ. ಪಕ್ಕಕ್ಕೆ ಸರಿ.”

ಸರಿದು ನಿಂತಿದ್ದೇನೆ. ನೀವೂ ಸ್ವಲ್ಪ ಆಚೆ ಬನ್ನಿ.